ಧ್ವನಿಯೊಂದೇ ಉಳಿದಾಗ: ‘ದ ಬಿಗ್ ಬ್ರಾಡ್‌ಕಾಸ್ಟ್’ ಚಿತ್ರದಲ್ಲಿ ಮೌಖಿಕತೆಯ ಪ್ರಶ್ನೆ

ಹಾಡುಗಾರ, ಕೇಳುಗ ಮತ್ತು ಸಂದರ್ಭ ಎಂಬ ಮೂರು ಘಟಕಗಳನ್ನು ಒಂದರಿಂದೊಂದು ಬೇರ್ಪಡಿಸಿ ನೋಡಲಾಗದು ಎಂಬ ತಿಳಿವಳಿಕೆ ಜಾನಪದ ಅಧ್ಯಯನದಲ್ಲಿ ಈಗ ನೆಲೆಗೊಂಡಿದೆ. ಗ್ರಾಮಫೋನ್ ಮತ್ತು ರೇಡಿಯೊ ಈ ಸಂಬಂಧವನ್ನೇ ಕಡಿದವು. ಈ ಹಿನ್ನೆಲೆಯಲ್ಲಿ 1932ರಲ್ಲಿ ಪ್ಯಾರಮೌಂಟ್ ಸಂಸ್ಥೆಯಿಂದ ಹೊರಬಂದ, ಫ್ರಾಂಕ್ ಟಟ್ಲ್ ನಿರ್ದೇಶನದ ‘ದ ಬಿಗ್ ಬ್ರಾಡ್‌ಕಾಸ್ಟ್’ ಎಂಬ ಸಂಗೀತಪ್ರಧಾನ ಹಾಸ್ಯಚಿತ್ರವನ್ನು ಕೇವಲ ಮನರಂಜನೆಯೆಂದು ಬದಿಗಿರಿಸುವುದು ಉಚಿತವಲ್ಲ.

ಕಥೆ ತೆಳುವಾದುದು. ಬಿಂಗ್ ಕ್ರಾಸ್ಬಿ ವಹಿಸಿದ ಪಾತ್ರ ನಿಗದಿತ ವೇಳೆಗೆ ಬಾರದ ರೇಡಿಯೊ ಗಾಯಕನದು. ಜಾರ್ಜ್ ಬರ್ನ್ಸ್ ನಿಲಯದ ವ್ಯವಸ್ಥಾಪಕ. ಪ್ರೇಮದಲ್ಲಿ ಸೋತ ಶ್ರೀಮಂತನೊಬ್ಬ (ಸ್ಟುವರ್ಟ್ ಅರ್ವಿನ್) ಆ ನಿಲಯವನ್ನೇ ಕೊಂಡು ಭಾರಿ ಪ್ರಸಾರವೊಂದನ್ನು ಏರ್ಪಡಿಸುತ್ತಾನೆ. ಇಲ್ಲಿ ಹಾಸ್ಯ ಹುಟ್ಟುವುದು ಎರಡು ಕಾಲಕ್ರಮಗಳ ಘರ್ಷಣೆಯಿಂದ. ಹಾಡುಗಾರನ ಕಾಲ ಮನಸ್ಸಿಗೆ ಅಧೀನವಾದರೆ ಪ್ರಸಾರದ ಕಾಲ ಗಡಿಯಾರಕ್ಕೆ ಅಧೀನ. ವಾಲ್ಟರ್ ಆಂಗ್ 1982ರ ತನ್ನ ಕೃತಿಯಲ್ಲಿ ‘ದ್ವಿತೀಯಕ ಮೌಖಿಕತೆ’ ಎಂದು ಕರೆದ ಸ್ಥಿತಿಯ ಲಕ್ಷಣವೇ ಇದು: ಆಡುವ ಮಾತಿನಂತೆ ತೋರಿದರೂ ಅದು ಬರಹ ಮತ್ತು ಮುದ್ರಣದ ಶಿಸ್ತಿನ ಮೇಲೆ ನಿಂತಿರುತ್ತದೆ.

ಚಿತ್ರದ ಅತ್ಯಂತ ಅರ್ಥಪೂರ್ಣ ಘಟ್ಟ ಅಂತ್ಯದಲ್ಲಿದೆ. ಗಾಯಕ ಬಾರದಿದ್ದಾಗ ನಿಲಯದ ಒಡೆಯ ಅವನ ಹಾಡಿನ ಗ್ರಾಮಫೋನ್ ತಟ್ಟೆಗಾಗಿ ಅಲೆಯುತ್ತಾನೆ. ಅದೂ ಉಪಯೋಗಕ್ಕೆ ಬಾರದಾದಾಗ ತಾನೇ ಅವನ ಧ್ವನಿಯನ್ನು ಅನುಕರಿಸಲು ಹೊರಡುತ್ತಾನೆ. ಮುಖ ಕಾಣದ ಮಾಧ್ಯಮದಲ್ಲಿ ಗಾಯಕ, ತಟ್ಟೆ ಮತ್ತು ಅನುಕರಣಕಾರ ಪರಸ್ಪರ ಬದಲಿಯಾಗಬಲ್ಲರು ಎಂಬ ಊಹೆಯೇ ಇಲ್ಲಿಯ ನಗೆಯ ಮೂಲ. ಕೊನೆಗೆ ಗಾಯಕನೇ ಬಂದು ಹಾಡಬೇಕಾಗುವುದರಿಂದ ಚಿತ್ರ ಆ ಊಹೆಯನ್ನು ನಿರಾಕರಿಸುತ್ತದೆ.

ಆದರೆ ಈ ನಿರಾಕರಣೆ ಎಲ್ಲರಿಗೂ ಸಮಾನವಾಗಿ ಅನ್ವಯಿಸುವುದಿಲ್ಲ. ಒಂದು ಗಿಟಾರಿನ ನೆರವಿನಿಂದ, ವಾದ್ಯಮೇಳವನ್ನೇ ಬಾಯಿಂದ ನುಡಿಸುತ್ತಿದ್ದ ಮಿಲ್ಸ್ ಸಹೋದರರು ಮತ್ತು ಕ್ಯಾಬ್ ಕ್ಯಾಲೊವೆ ಚಿತ್ರದಲ್ಲಿದ್ದಾರೆ. ನಾಯಕ ಕರೆದು ಸಭಿಕರು ಓಗೊಡುವ ಆಫ್ರಿಕನ್-ಅಮೆರಿಕನ್ ಗಾಯನಕ್ರಮವನ್ನು ಕ್ಯಾಲೊವೆ ವೇದಿಕೆಗೆ ತಂದಿದ್ದ. ಇವರ ಹಾಡು ಚಿತ್ರಕ್ಕೆ ಬೇಕು. ಕಥೆಯಲ್ಲಿ ಮಾತ್ರ ಇವರಿಗೆ ಪಾತ್ರವಿಲ್ಲ. ಬಿಳಿಯ ಗಾಯಕನಿಗೆ ಪ್ರೇಮ, ವಿರಹ, ತಪ್ಪು, ಕ್ಷಮೆಗಳಿವೆ. ಕರಿಯ ಕಲಾವಿದರಿಗೆ ಧ್ವನಿಯೊಂದೇ ಉಳಿದಿದೆ. ಬಾಸ್ವೆಲ್ ಸಹೋದರಿಯರು, ಕೇಟ್ ಸ್ಮಿತ್ ಮುಂತಾದವರೂ ಹಾಡಿ ಮರೆಯಾಗುತ್ತಾರೆಂಬುದು ನಿಜ. ಆದರೂ ಕಥೆಯ ಮನುಷ್ಯಲೋಕ ಸಂಪೂರ್ಣವಾಗಿ ಬಿಳಿಯರದಾಗಿರುವುದರಿಂದ ಈ ಎರಡು ಅನುಪಸ್ಥಿತಿಗಳು ಒಂದೇ ತೂಕದವಲ್ಲ.

ಹಾಡನ್ನು ಸಂಗ್ರಹಿಸಿ ಹಾಡಿದವರನ್ನು ಕೈಬಿಡುವ ಈ ಕ್ರಮ ಚಲನಚಿತ್ರಕ್ಕಷ್ಟೇ ಸೀಮಿತವಲ್ಲ. ಯಾರು, ಯಾರಿಗಾಗಿ, ಯಾವ ಸಂದರ್ಭದಲ್ಲಿ ಹಾಡಿದರೆಂಬ ವಿವರವಿಲ್ಲದ ಧ್ವನಿಮುದ್ರಿಕೆಯೂ ಅದನ್ನೇ ಮಾಡುತ್ತದೆ. ಆ ತಟ್ಟೆ ಗಾಯಕನಿಗೆ ಬದಲಿಯಾಗಲಿಲ್ಲ ಎಂಬ ಹಾಸ್ಯಚಿತ್ರದ ಪಾಠ ಸಂಗ್ರಾಹಕರಿಗೂ ಸಲ್ಲತಕ್ಕದ್ದು.