ನಾವು ನೋಡಿದ ಕೊಡಗು, ಪಟ್ಟೋಲೆ ಪಳಮೆಯ ಕೊಡಗು

ಕೊಡಗು ನಮಗೆ ದೂರದ ನಾಡೇನಲ್ಲ. ನಮ್ಮ ಊರು ಸುಳ್ಯ. ಅಲ್ಲಿಂದ ಸಂಪಾಜೆ ಘಟ್ಟ ಹತ್ತಿದರೆ ಮಡಿಕೇರಿ. 1834ರಲ್ಲಿ ಇಂಗ್ಲಿಷರು ಚಿಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸುವವರೆಗೆ ಅಮರಸುಳ್ಯದ ಸೀಮೆ ಕೊಡಗಿನ ಅರಸರದೇ ಆಗಿತ್ತು. ಆದರೂ ಮುಂಬಯಿಗೆ ಬಂದು ಇಪ್ಪತ್ತು ವರ್ಷ ಕಳೆದ ಮೇಲೆ ಎಲ್‌ಟಿಸಿಯಲ್ಲಿ ಮಡದಿ ಮಕ್ಕಳೊಡನೆ ಅಲ್ಲಿಗೆ ಹೋದಾಗ ನಾವು ಪಕ್ಕಾ ಪ್ರವಾಸಿಗಳು. ರಾಜಾಸೀಟಿನಲ್ಲಿ ಫೋಟೋ, ಅಬ್ಬಿ ಜಲಪಾತದಲ್ಲಿ ಫೋಟೋ, ತಲಕಾವೇರಿಯಲ್ಲಿ ತೀರ್ಥ, ಬರುವಾಗ ಕಾಫಿಪುಡಿ, ಜೇನು. ಡೊಂಬಿವಲಿಗೆ ಮರಳಿ ನೆರೆಯವರೊಡನೆ “ಕೊಡಗು ನೋಡಿಯಾಯಿತು” ಎಂದೆವು.

ನೋಡಿರಲಿಲ್ಲ ಎಂದು ತಿಳಿದದ್ದು ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಕೈಗೆ ಬಂದಾಗ. 1924ರಲ್ಲಿ ಮೊದಲು ಅಚ್ಚಾದ ಪುಸ್ತಕವಿದು. ಚಿಣ್ಣಪ್ಪನವರು (1875-1931) ಶಿಕ್ಷಕರೂ ಪೊಲೀಸ್ ಅಧಿಕಾರಿಯೂ ಆಗಿದ್ದವರು. ಸರಕಾರಿ ಚಾಕರಿಯ ನಡುವೆಯೇ ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಕೂಡಿಹಾಕಿದರು. (ಕಚೇರಿ ಕೆಲಸದಲ್ಲಿ ಯಾವುದಕ್ಕೂ ಬಿಡುವಿಲ್ಲ ಎನ್ನುವ ನಮ್ಮಂಥವರು ಇದನ್ನು ಗಮನಿಸಬೇಕು.) ಗ್ರಂಥದ ಹೆಚ್ಚಿನ ಭಾಗ ಹಾಡುಗಳೇ, ಹಬ್ಬಗಳಲ್ಲಿ, ಮದುವೆಯಲ್ಲಿ, ಸಾವಿನಲ್ಲಿ ನಾಲ್ವರು ದುಡಿ ಬಡಿಯುತ್ತ ಹಾಡುವಂಥವು.

ಲಿಪಿ ಕನ್ನಡ, ಭಾಷೆ ಕೊಡವ ತಕ್ಕ್. ಸರಾಗವಾಗಿ ಓದುತ್ತಿದ್ದೆವು, ಅರ್ಥ ಮಾತ್ರ ಕೈಗೆ ಹತ್ತುತ್ತಿರಲಿಲ್ಲ. ಕೊನೆಗೆ ಗ್ರಂಥಕರ್ತರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು 2003ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕಾಯಿತು. ನೆರೆನಾಡಿನ ಹಾಡು ನಮಗೆ ಇಂಗ್ಲಿಷಿನ ಮೂಲಕ ಬರಬೇಕೆ ಎಂದು ನಾಚಿಕೆಯಾಯಿತು. ನಮ್ಮ ಮಗನ ಸ್ಥಿತಿ ಇದಕ್ಕೆ ತದ್ವಿರುದ್ಧ. ಕನ್ನಡದ ಮಾತು ಅವನಿಗೆ ತಿಳಿಯುತ್ತದೆ, ಅಕ್ಷರ ಬಾರದು. ಒಂದು ಭಾನುವಾರ ಇಬ್ಬರೂ ಕೂಡಿ ಓದಿದೆವು: ನಾವು ಮೂಲವನ್ನು, ಅವನು ಅನುವಾದವನ್ನು. ಒಂದೇ ಮಾತು ಮತ್ತೆ ಮತ್ತೆ ಬರುತ್ತದಲ್ಲ ಎಂದು ಅವನು ಬೇಸರಿಸಿದ. ಮೂಲವನ್ನು ಗಟ್ಟಿಯಾಗಿ ಓದುವಾಗ ನಮಗೆ ಆ ಬೇಸರ ಬರಲಿಲ್ಲ. ಹಾಡುವವನ ಉಸಿರಿಗೆ, ನೆನಪಿಗೆ ಆ ಪುನರಾವರ್ತನೆಯೇ ಆಧಾರ. ಅನುವಾದ ಅರ್ಥಕ್ಕೆ ನಿಷ್ಠವಾಗಿದೆ, ಆದರೆ ದುಡಿಯ ಪೆಟ್ಟನ್ನು ದಾಟಿಸಲಾರದು.

ಓದುತ್ತ ಹೋದಂತೆ ನಾವು ಬಸ್ಸಿನ ಕಿಟಕಿಯಿಂದ ಕಂಡ ಹಳೆಯ ಹೆಂಚಿನ ಮನೆಗಳು ಬೇರೆಯಾಗಿ ತೋರತೊಡಗಿದವು. ಐನ್‌ಮನೆ ಎಂದರೆ ಒಂದು ಇಡೀ ಒಕ್ಕದ ಮೂಲಮನೆ. ಹೆಸರಿನಲ್ಲಿಯೂ ಒಕ್ಕ ಮುಂದೆ, ವ್ಯಕ್ತಿ ಹಿಂದೆ: ಮೊದಲು ನಡಿಕೇರಿಯಂಡ, ಆಮೇಲೆ ಚಿಣ್ಣಪ್ಪ. ಮದುವೆಯನ್ನು ನಡೆಸಲು ಪುರೋಹಿತ ಬೇಕಿಲ್ಲ. ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ಎರಡೂ ಕಡೆಯ ‘ಅರುವ’ರು ಎದುರುಬದುರಾಗಿ ನಿಂತು ನಡೆಸುವ ಪ್ರಶ್ನೋತ್ತರದಲ್ಲಿ ವಧುವಿಗೆ ಗಂಡನ ಒಕ್ಕದ ಹಕ್ಕು ದೊರೆಯುತ್ತದೆ. ಸಹಿಯಿಲ್ಲ, ಮೊಹರಿಲ್ಲ, ಎಲ್ಲವೂ ಬಾಯಿಮಾತಿನ ಮೇಲೆ. ಕಡತಗಳ ನಡುವೆ ಬಾಳುವ ನಮಗೆ ಈ ಭಾಗ ಎಲ್ಲಕ್ಕಿಂತ ಹಿಡಿಸಿತು.

ಕೊಡಗನ್ನು ನಮಗೆ ಪರಿಚಯಿಸಿದ ಬೇರೆ ಗ್ರಂಥಗಳಿವೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ದೊಡ್ಡ ಕಾದಂಬರಿ, ಸಂದೇಹವಿಲ್ಲ. ಆದರೆ ಅಲ್ಲಿ ನಾವು ಬಹುಪಾಲು ಅರಮನೆಯ ಒಳಗೇ ಇರುತ್ತೇವೆ. ಗದ್ದೆಗೆ ಇಳಿಯುವುದು ಕಡಿಮೆ. ಎಂ. ಎನ್. ಶ್ರೀನಿವಾಸರ ಕೊಡವರ ಅಧ್ಯಯನ ಮೊಳೆತದ್ದು ನಮ್ಮ ಮುಂಬಯಿ ವಿಶ್ವವಿದ್ಯಾಲಯದಲ್ಲಿ, ಜಿ. ಎಸ್. ಘುರ್ಯೆಯವರ ಬಳಿ; ಮುಂದೆ ಆಕ್ಸ್‌ಫರ್ಡಿನಲ್ಲಿ ಬೆಳೆದು 1952ರಲ್ಲಿ ಗ್ರಂಥವಾಯಿತು. ‘ಸಂಸ್ಕೃತೀಕರಣ’ ಎಂಬ ಮಾತನ್ನು ಪ್ರಸಿದ್ಧಗೊಳಿಸಿದ್ದು ಆ ಗ್ರಂಥವೇ. ವಿಜ್ಞಾನ ಓದಿದ ನಮಗೆ ಅದರ ಕ್ರಮಬದ್ಧತೆ ಮೆಚ್ಚಿಗೆ. ಆದರೂ ಅಲ್ಲಿ ಒಕ್ಕ ಎಂಬುದು ವಿವರಣೆಗೆ ಒಳಗಾದ ವಸ್ತು. ಚಿಣ್ಣಪ್ಪನವರಲ್ಲಿ ಅದು ಹಾಡುವವನ ಸ್ವಂತ ಮನೆ.

ಹಾಗೆಂದು ‘ಪಟ್ಟೋಲೆ ಪಳಮೆ’ ಇಡೀ ಕೊಡಗಿನ ಪುಸ್ತಕವಲ್ಲ. ಇದು ಕೊಡವರ ಪುಸ್ತಕ. ಪುತ್ತರಿಯ ರಾತ್ರಿ ಗುಂಡು ಹಾರಿಸಿ ಹೊಸ ಕದಿರು ಕುಯ್ದು ಮನೆಗೆ ತರುವ ಸಂಭ್ರಮ ಇಲ್ಲಿದೆ. ಆ ಗದ್ದೆಯ ಕೆಸರಿನಲ್ಲಿ ದುಡಿದ ಎರವರ ದನಿ ನಮಗೆ ಕೇಳಿಸಲಿಲ್ಲ. ನಮ್ಮ ಮನೆಮಾತು ಅರೆಭಾಷೆ. ಅದನ್ನಾಡುವ ಗೌಡರೂ ಕೊಡಗಿನಲ್ಲಿ ತಲೆಮಾರುಗಳಿಂದ ಇದ್ದಾರೆ. ಅವರನ್ನು ಹುಡುಕುತ್ತ ಪುಟ ತಿರುವಿದೆವು ಎಂದು ಒಪ್ಪಿಕೊಳ್ಳುತ್ತೇವೆ. ಆದರೆ ಅದನ್ನು ಚಿಣ್ಣಪ್ಪನವರ ದೋಷವೆನ್ನುವುದು ಸಲ್ಲದು. ತಮ್ಮವರ ಹಾಡನ್ನು ಅವರು ಬರೆದಿಟ್ಟರು. ನಮ್ಮ ಅಜ್ಜಿ ಹೇಳುತ್ತಿದ್ದ ಹಾಡುಗಳನ್ನು ನಾವು ಬರೆದುಕೊಳ್ಳಲಿಲ್ಲ. ಈಗ ಅಜ್ಜಿಯೂ ಇಲ್ಲ.

ನಮ್ಮ ಸಂಘದ ಗ್ರಂಥಾಲಯಕ್ಕೆ ಮೂಲ, ಅನುವಾದ ಎರಡನ್ನೂ ತರಿಸಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿಸುತ್ತೇವೆ. ಓದುಗರಲ್ಲಿ ಕೊಡವ ತಕ್ಕ್ ಬಲ್ಲವರಿದ್ದರೆ ಒಂದು ಸಂಜೆ ಬಂದು ಪುತ್ತರಿ ಹಾಡನ್ನು ಓದಿ ತೋರಿಸಲಿ. ನಮ್ಮ ಉಚ್ಚಾರ ಸರಿಯಿಲ್ಲ ಎಂದು ಮಗ ಈಗಲೂ ವಾದಿಸುತ್ತಾನೆ.