ಗೋಡೆಯ ಮೇಲಿನ ಐದು ಸಾಲು

ಲಿನೋ ಹಾಳೆ ಕೆತ್ತಿ ಅಚ್ಚು ತೆಗೆಯುವ ಲಿನೋಕಟ್ ಕಲಿಯಲು ಬರುವವರಿಗಾಗಿ ನಮ್ಮ ಕೋಣೆಯ ಗೋಡೆಯ ಮೇಲೆ ಐದು ಸಾಲು ಬರೆದಿದ್ದೇನೆ. ಎಲ್ಲರೂ ಬಂದ ದಿನವೇ ಓದುತ್ತಾರೆ; ಮೊದಲ ಅಚ್ಚು ಕೆಟ್ಟ ಮೇಲೆ ಮತ್ತೆ ಓದುತ್ತಾರೆ. ಆ ಎರಡನೇ ಓದಿಗೆ ಈ ವಿವರಣೆ.

“ಬರೆದದ್ದನ್ನು ತಿರುಗಿಸಿ ಹಾಕು.”

ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಹಸುವಿನ ಚಿತ್ರವಾದರೆ ಅದು ಆ ಕಡೆಯ ಬದಲು ಈ ಕಡೆ ನೋಡುತ್ತದೆ, ಅಷ್ಟೆ. ಅಕ್ಷರವಾದರೆ ಮಾನ ಹೋಗುತ್ತದೆ. ‘ಮರ’ ಎಂದು ನೆಟ್ಟಗೆ ಕೆತ್ತಿದ್ದ ಹುಡುಗನ ಕಾಗದದಲ್ಲಿ ‘ರ’ ಮುಂದೆ ಬಂದು, ‘ಮ’ ಬೆನ್ನು ತಿರುಗಿಸಿಕೊಂಡು ನಿಂತಿತ್ತು. ಟ್ರೇಸಿಂಗ್ ಕಾಗದದಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದು, ಬರೆದ ಮೈಯನ್ನು ಲಿನೋ ಮೇಲೆ ಕವುಚಿ, ಹಿಂದಿನಿಂದ ಉಜ್ಜಿದರೆ ಸಾಕು. ಕಲ್ಲಚ್ಚಿನವರ ಪಾಡೂ ಇದೇ: ಕಲ್ಲಿನ ಮೇಲೆ ತಿರುಗಿಸಿ ಬರೆಯಬೇಕು, ಇಲ್ಲವೇ ಕಾಗದದಲ್ಲಿ ನೆಟ್ಟಗೆ ಬರೆದು ಕಲ್ಲಿಗೆ ಇಳಿಸಬೇಕು. ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲೇ.

“ಲಿನೋ ಬೆಚ್ಚಗಿರಲಿ, ಕೈ ಉಳಿಯ ಹಿಂದಿರಲಿ.”

ಅಗಸೆ ಎಣ್ಣೆಗೆ ಕಾರ್ಕ್ ಪುಡಿ ಕಲಸಿ ಗೋಣಿಬಟ್ಟೆಗೆ ಒತ್ತಿದ ಸರಕು ಇದು. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ನೆಲಕ್ಕೆ ಹಾಸಲೆಂದು ಮಾಡಿದ್ದು. ಚಳಿಗೆ ಪುಡಿಪುಡಿಯಾಗುತ್ತದೆ, ಬಿಸಿಲಿಗೆ ಹತ್ತು ನಿಮಿಷ ಇಟ್ಟರೆ ಬೆಣ್ಣೆಯ ಹಾಗೆ ಕೊಯ್ಯಬಹುದು. ಸಾಲಿನ ಉಳಿದರ್ಧಕ್ಕೆ ನನ್ನ ಎಡ ಹೆಬ್ಬೆರಳಿನ ಗಾಯದ ಗುರುತೇ ವ್ಯಾಖ್ಯಾನ.

“ಕೆತ್ತಿದ್ದು ಬಿಳಿ, ಬಿಟ್ಟದ್ದು ಕಪ್ಪು.”

ಐದರಲ್ಲಿ ಕಷ್ಟದ ಸಾಲು ಇದೇ. ಪೆನ್ಸಿಲ್ ಹಿಡಿದು ಬೆಳೆದವರಿಗೆ ಗೆರೆ ಎಂದರೆ ಕಪ್ಪು. ಹಾಗಾಗಿ ಒಂದು ಕಪ್ಪು ಗೆರೆ ಉಳಿಸಲು ಅದರ ಎರಡೂ ಬದಿ ತೋಡುತ್ತ ಕೂರುತ್ತಾರೆ, ಗೆರೆ ಮುರಿಯುತ್ತದೆ. ಸಾರಿಸಿದ ಅಂಗಳದಲ್ಲಿ ರಂಗೋಲಿ ಎಳೆದ ಕೈಗೆ ಮಾತ್ರ ಇದು ಬೇಗ ಒಗ್ಗುತ್ತದೆ. ನಂದಲಾಲ್ ಬೋಸ್ 1930ರಲ್ಲಿ ಕೆತ್ತಿದ ‘ಬಾಪೂಜಿ’ಯನ್ನು ನಾನು ಮೊದಲ ವಾರವೇ ತೋರಿಸುತ್ತೇನೆ. ಕೋಲೂರಿ ಉಪ್ಪಿಗೆ ಹೊರಟ ಗಾಂಧಿ. ಸುತ್ತ ಕಪ್ಪು, ಮೈಯೂ ಕಪ್ಪು. ಆಕಾರ, ಪಂಚೆಯ ನೆರಿಗೆ ಎಲ್ಲವೂ ಕೆಲವೇ ಬಿಳಿ ಗೀರುಗಳಲ್ಲಿ. ಎಷ್ಟು ಕಡಿಮೆ ಕೆತ್ತಿದ್ದಾರೆ ನೋಡಿ! ಸಣ್ಣ ಗೀರಿಗೆ ‘ವಿ’ ಆಕಾರದ ಉಳಿ, ಬಯಲು ತೆರವು ಮಾಡಲು ‘ಯು’ ಆಕಾರದ್ದು. ಎರಡೇ ಸಾಕು, ಆರರ ಪೆಟ್ಟಿಗೆ ಕೊಳ್ಳಬೇಡಿ.

“ಶಾಯಿಯ ಸದ್ದು ಕೇಳು.”

ಗಾಜಿನ ಮೇಲೆ ಶಾಯಿ ಹರಡಿ ರೋಲರ್ ಉರುಳಿಸುವಾಗ ಪಚಪಚ ಎಂದರೆ ಹೆಚ್ಚಾಯಿತು, ಸಣ್ಣ ಗೀರುಗಳೆಲ್ಲ ಮುಚ್ಚಿಹೋಗುತ್ತವೆ. ಬಾಣಲೆಯಲ್ಲಿ ಸಾಸಿವೆ ಚಟಗುಡುವ ಮುಂಚಿನ ಸಣ್ಣ ಸದ್ದು ಬಂದರೆ ಹದ. ಶಾಯಿ ಹಚ್ಚಿದ ಲಿನೋ ಮೇಲೆ ಕಾಗದ ಹಾಸಿ, ಪ್ರೆಸ್ ಇಲ್ಲದಿದ್ದರೆ ಮರದ ಸೌಟಿನ ಬೆನ್ನಲ್ಲಿ ನಡುವಿನಿಂದ ಅಂಚಿಗೆ ಉಜ್ಜಿ. ಜಪಾನಿನವರು ಬಿದಿರಿನ ಹೊದಿಕೆ ಸುತ್ತಿದ ಬಿಲ್ಲೆ ಬಳಸುತ್ತಾರೆ. ಒಂದು ಮೂಲೆ ಎತ್ತಿ ಇಣುಕಬಹುದು, ಎದುರಿನ ಮೂಲೆ ಅಲುಗಬಾರದು.

“ಅಂಕಿ ಹಾಕಿದ ಮೇಲೆ ಇನ್ನೊಂದು ತೆಗೆಯಬೇಡ.”

ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 3/15 ಎಂದಿದ್ದರೆ, ಹದಿನೈದು ಪ್ರತಿಗಳಲ್ಲಿ ಇದು ಮೂರನೆಯದು. ಹದಿನಾರನೆಯದು ಇಲ್ಲ ಎಂಬ ಮಾತೂ ಅದರಲ್ಲಿದೆ. ಎಣಿಕೆ ಮುಗಿದ ಮೇಲೆ ಲಿನೋಗೆ ಅಡ್ಡಗೀರು ಹಾಕುವುದು ನಮ್ಮಲ್ಲಿ ರೂಢಿ. ಆ ಗೀರು ನೀವೇ ಹಾಕಿ ಎಂದು ಉಳಿ ಕೊಟ್ಟರೆ, ಹೆಚ್ಚಿನವರು ಅದನ್ನು ನನ್ನ ಕೈಗೇ ವಾಪಸ್ ಕೊಡುತ್ತಾರೆ.