ಓದಿದಷ್ಟೇ ತರುವ ಆಳು

ಮೂಲೆ ಸೇರಿದ್ದ ಲ್ಯಾಪ್‌ಟಾಪ್ ಒಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಲೀಫ್‌ನೋಡ್ ಎಂಬ ಪುಟ್ಟ ಯೂಸ್‌ನೆಟ್ ಸರ್ವರ್ ಕೂರಿಸಿ, ಪತ್ರ ಓದುವ ಎಸ್‌ಎಲ್‌ಆರ್‌ಎನ್ ತೆರೆದು ಯೂಸ್‌ನೆಟ್‌ನ ಒಂದು ಗುಂಪಿನೊಳಗೆ ಹೋದೆ. ಇದ್ದದ್ದು ಒಂದೇ ಪತ್ರ, ಅದನ್ನು ಬರೆದದ್ದೂ ಲೀಫ್‌ನೋಡೇ. ಈ ಗುಂಪಿಗೆ ಸದ್ಯ ಜಾಗ ಹಿಡಿದಿದ್ದೇನೆ, ಮುಂದಿನ ಸಲ ಹೋದಾಗ ತರುತ್ತೇನೆ ಎಂಬರ್ಥದ ಒಂದೆರಡು ಸಾಲು. ಕೈಬಿಡುವವರು ಬಹುಶಃ ಇಲ್ಲೇ ಕೈಬಿಡುತ್ತಾರೆ. ಆದರೆ ಈ ತಂತ್ರಾಂಶದ ಇಡೀ ಜಾಣತನ ಇರುವುದು ಆ ಒಂಟಿ ಪತ್ರದಲ್ಲೇ.

ಯೂಸ್‌ನೆಟ್ ಎಂಬ ಈ ಚರ್ಚಾಗುಂಪುಗಳ ಜಾಲ ವೆಬ್‌ಗಿಂತ ಹಳೆಯದು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ವಿದ್ಯಾರ್ಥಿಗಳಿಗೆ ಹೊಳೆದದ್ದು. ಒಂದು ಯಂತ್ರ ಇನ್ನೊಂದಕ್ಕೆ ಫೋನ್ ಮಾಡಿ, ತನ್ನಲ್ಲಿರುವ ಪತ್ರಗಳನ್ನು ಕೊಟ್ಟು, ಅದರ ಹತ್ತಿರ ಇರುವುದನ್ನು ತೆಗೆದುಕೊಂಡು ಬರುವುದು. ನಡುವೆ ಒಡೆಯ ಯಾರೂ ಇಲ್ಲ, ಪ್ರತಿ ಊರಿನಲ್ಲೂ ಒಂದೊಂದು ಪ್ರತಿ. 1986ರಲ್ಲಿ ಇದಕ್ಕೆಂದೇ ಎನ್‌ಎನ್‌ಟಿಪಿ ಎಂಬ ಒಪ್ಪಂದ ಬಂತು, 119 ಎಂಬ ಪೋರ್ಟ್ ಸಿಕ್ಕಿತು. ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್‌ನಲ್ಲಿ ಲಿನಕ್ಸ್ ಸುದ್ದಿಯನ್ನು ಮೊದಲು ಹೇಳಿದ್ದು ಇಂಥದ್ದೇ ಗುಂಪಿನಲ್ಲಿ. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿದ್ದ ನಮ್ಮ ಹುಡುಗರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಜಗಳವಾಡಿದ ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಕೂಡ ಯೂಸ್‌ನೆಟ್ಟಿನದೇ.

ಆದರೆ ಮನೆಯಲ್ಲಿ ಕೂತವನಿಗೆ ಈ ಏರ್ಪಾಡು ದುಬಾರಿ. ದೊಡ್ಡ ಸರ್ವರ್‌ಗಳು ನಡೆಸುವ ಐಎನ್‌ಎನ್ ಹಾಕಿದರೆ ಸಾವಿರಾರು ಗುಂಪುಗಳ ಪತ್ರ ಮನೆಗೆ ಬಂದು ಬೀಳುತ್ತವೆ, ಓದುವುದು ಮೂರು ಗುಂಪು. ಮೂಗಿಗಿಂತ ಮೂಗುತಿ ಭಾರ. 'ಸಕ್' ಎಂಬ ಇನ್ನೊಂದು ಸಾಧನ ಬೇಕಾದ ಗುಂಪುಗಳನ್ನಷ್ಟೇ ಎಳೆದು ತರುತ್ತದೆ, ಆದರೂ ಹಿಂದೆ ಐಎನ್‌ಎನ್‌ನಂಥ ಸರ್ವರ್ ಬೇಕೇ ಬೇಕು. ನಾರ್ವೆಯ ಟ್ರೋಲ್‌ಟೆಕ್ ಕಂಪನಿಯಲ್ಲಿದ್ದ ಆರ್ನ್ಟ್ ಗುಲ್‌ಬ್ರಾಂಡ್‌ಸೆನ್ ತೊಂಬತ್ತರ ದಶಕದಲ್ಲಿ ಲೀಫ್‌ನೋಡ್ ಬರೆದದ್ದು ಈ ತೊಂದರೆಗೆ. ಆಮೇಲೆ ಅದು ಕಾರ್ನೇಲಿಯಸ್ ಕ್ರಾಸೆಲ್ ಕೈಗೆ ಬಂತು, ಅವರಿಂದ ಮಥಿಯಾಸ್ ಆಂಡ್ರೀ ಕೈಗೆ.

ಗುಲ್‌ಬ್ರಾಂಡ್‌ಸೆನ್ ಇಟ್ಟ ಉಪಾಯ ಸರಳ: ಏನು ತರಬೇಕೆಂದು ಯಜಮಾನನನ್ನು ಕೇಳುವುದೇ ಬೇಡ, ಅವನು ಏನು ಓದುತ್ತಾನೆ ನೋಡಿದರೆ ಸಾಕು. ನಮಗೆ ಪತ್ರ ಕೊಡುವ ಮೇಲಿನ ಸರ್ವರ್‌ನಿಂದ ಗುಂಪುಗಳ ಹೆಸರಿನ ಪಟ್ಟಿ ಮಾತ್ರ ಮೊದಲು ಬರುತ್ತದೆ. ನೀವು ಒಂದು ಗುಂಪನ್ನು ತೆರೆದು ಆ ಒಂಟಿ ಪತ್ರವನ್ನು ಓದಿದ ಕ್ಷಣ, ಪತ್ರಗಳನ್ನಿಡುವ ಸ್ಪೂಲ್ ಡೈರೆಕ್ಟರಿಯೊಳಗಿನ 'ಇಂಟರೆಸ್ಟಿಂಗ್.ಗ್ರೂಪ್ಸ್' ಎಂಬಲ್ಲಿ ಆ ಗುಂಪಿನ ಹೆಸರಿನ ಒಂದು ಫೈಲ್ ಹುಟ್ಟುತ್ತದೆ. ಫೆಚ್‌ನ್ಯೂಸ್ ಎಂಬ ಜೊತೆಗಾರ ಮುಂದಿನ ಸಲ ಓಡಿದಾಗ ಆ ಫೈಲ್‌ಗಳನ್ನು ನೋಡಿಕೊಂಡು ಆಯಾ ಗುಂಪಿನ ಪತ್ರಗಳನ್ನು ಹೊತ್ತು ತರುತ್ತದೆ. ಒಂದು ಸಲ ಇಣುಕಿ ಮರೆತ ಗುಂಪನ್ನು ಎರಡು ದಿನಕ್ಕೆ ಬಿಡುತ್ತದೆ. ಓದುತ್ತಿದ್ದು ಆಮೇಲೆ ಕೈಬಿಟ್ಟದ್ದನ್ನು ಏಳು ದಿನಕ್ಕೆ. ಅರ್ಜಿ, ನೋಂದಣಿ, ಟಿಕ್ ಹಾಕುವ ಚೌಕ ಯಾವುದೂ ಇಲ್ಲ, ಓದುವುದೇ ಆರ್ಡರ್.

ತಂದ ಪತ್ರಗಳನ್ನು ಇಡುವ ಬಗೆಯೂ ನೋಡುವಂಥದ್ದು. ಪ್ರತಿ ಪತ್ರವೂ ಒಂದು ಸಾದಾ ಫೈಲ್, ಅದಕ್ಕೆ ಎರಡು ಹೆಸರು. ಒಂದು ಹೆಸರು ಗುಂಪಿನ ಡೈರೆಕ್ಟರಿಯಲ್ಲಿ ಬರೀ ಅಂಕಿಯಾಗಿ. ಇನ್ನೊಂದು, ಪತ್ರದ ಗುರುತಾದ ಮೆಸೇಜ್-ಐಡಿಯೇ ಹೆಸರಾಗಿ, 000ದಿಂದ 999ರವರೆಗಿನ ಸಾವಿರ ಡೈರೆಕ್ಟರಿಗಳಲ್ಲಿ ಒಂದರೊಳಗೆ. ಮೂರು ಗುಂಪಿಗೆ ಒಟ್ಟಿಗೆ ಹಾಕಿದ ಪತ್ರವಾದರೆ ಹೆಸರು ನಾಲ್ಕಾಗುತ್ತದೆ, ಡಿಸ್ಕಿನಲ್ಲಿ ಜಾಗ ಒಂದರದ್ದೇ. ಡೇಟಾಬೇಸ್ ಎಂಬ ಮಾತೇ ಇಲ್ಲ, ಒಂದೇ ಫೈಲ್‌ಗೆ ಹಲವು ಹೆಸರು ಕೊಡುವ ಯುನಿಕ್ಸ್‌ನ ಹಾರ್ಡ್‌ಲಿಂಕೇ ಎಲ್ಲ ಲೆಕ್ಕ ಇಡುತ್ತದೆ. ಗ್ರೆಪ್ ಎಂಬ ಹುಡುಕುವ ಆಜ್ಞೆ ಬಲ್ಲವರು ಲೀಫ್‌ನೋಡ್‌ನ ಹಂಗಿಲ್ಲದೆ ಎಲ್ಲವನ್ನೂ ಹುಡುಕಬಹುದು.

ನನಗೆ ಅತಿ ಹಿಡಿಸಿದ್ದು ಟೆಕ್ಸ್‌ಪೈರ್. ಹಳೆಯ ಪತ್ರ ಅಳಿಸುವ ಕೆಲಸ ಅದರದ್ದು. ಅದು ಪತ್ರದ ವಯಸ್ಸನ್ನಷ್ಟೇ ನೋಡಿ ಕಿತ್ತೆಸೆಯುವುದಿಲ್ಲ. ಒಂದು ಚರ್ಚೆಯ ಸರಪಳಿಯಲ್ಲಿ ಯಾವುದೋ ಒಂದನ್ನು ನೀವು ಇತ್ತೀಚೆಗೆ ಓದಿದ್ದರೆ ಸರಪಳಿಯನ್ನೇ ಉಳಿಸುತ್ತದೆ. ಇಪ್ಪತ್ತು ದಿನ ಎಂದು ಗಡುವು ಬರೆದಿದ್ದರೂ, ದಿನಾ ತಿರುವಿ ಹಾಕುವ ವಾದದ ಮೊದಲ ಪತ್ರ ತಿಂಗಳಾದರೂ ಅಲ್ಲೇ ಇರುತ್ತದೆ. ಮನೆಯ ಹಿರಿಯರು ರದ್ದಿಗೆ ಹಾಕುವಾಗ ಧಾರಾವಾಹಿ ಬರುವ ವಾರಪತ್ರಿಕೆಗಳನ್ನು ತೆಗೆದಿಡುವ ಹಾಗೆ.

ಇಷ್ಟು ಹೊಗಳಿದ ಮೇಲೆ ತಕರಾರಿಗೆ ಬರಬೇಕು. ಕೈಪಿಡಿಯಲ್ಲಿ ಒಂದು ದೊಡ್ಡ ಮಾತಿದೆ: ಕೆಟ್ಟರೆ ತಾನೇ ರಿಪೇರಿ ಮಾಡಿಕೊಳ್ಳುವಂತೆ, ಕೈಯಾರೆ ನೋಡಿಕೊಳ್ಳುವ ಅಗತ್ಯವೇ ಬೀಳದಂತೆ ಇದನ್ನು ಕಟ್ಟಿದೆ ಎಂದು. ಓಡಲು ಶುರುವಾದ ಮೇಲೆ ಅದು ಬಹುಮಟ್ಟಿಗೆ ನಿಜ. ಶುರುವಾಗುವುದೇ ಕಷ್ಟ.

ನನ್ನ ಯಂತ್ರದಲ್ಲಿ ಮೊದಲ ಸಂಜೆ 119ನೇ ಪೋರ್ಟಿಗೆ ಟೆಲ್‌ನೆಟ್ ಮಾಡಿದರೆ ಸಂಪರ್ಕ ಸಿಕ್ಕಿದಂತಾಗಿ ಕಡಿದುಹೋಗುತ್ತಿತ್ತು. ಸಂಪರ್ಕ ಬಂದಾಗ ಲೀಫ್‌ನೋಡನ್ನು ಎಬ್ಬಿಸುವ ಐನೆಟ್‌ಡಿಯ ಸಾಲು ತಿದ್ದಿದೆ, ಪಾಸ್‌ವರ್ಡ್ ಮತ್ತೆ ಬರೆದೆ, ಫೈರ್‌ವಾಲ್ ತೆಗೆದೆ. ಕಾರಣ ಯಂತ್ರದ ದಿನಚರಿಯಾದ ಸಿಸ್‌ಲಾಗ್‌ನಲ್ಲಿ ತಣ್ಣಗೆ ಕೂತಿತ್ತು: ನಿನ್ನ ಯಂತ್ರಕ್ಕೆ ಪೂರ್ಣ ಡೊಮೇನ್ ಹೆಸರಿಲ್ಲ. ಲೀಫ್‌ನೋಡ್ ಹಟ ಹಿಡಿಯುವುದಕ್ಕೆ ನ್ಯಾಯವಾದ ಕಾರಣವಿದೆ. ನೀವು ಬರೆಯುವ ಪತ್ರದ ಮೆಸೇಜ್-ಐಡಿ ಜಗತ್ತಿನಲ್ಲೇ ಒಂದಿರಬೇಕು. ಎಲ್ಲರ ಯಂತ್ರವೂ 'ಲೋಕಲ್‌ಹೋಸ್ಟ್' ಎಂದೇ ಹೇಳಿಕೊಂಡರೆ ಎರಡು ಪತ್ರಗಳಿಗೆ ಒಂದೇ ಗುರುತು ಬಿದ್ದು, ಎರಡನೆಯದನ್ನು ಸರ್ವರ್‌ಗಳು 'ಇದು ಆಗಲೇ ಬಂದಿದೆ' ಎಂದು ಎಸೆಯುತ್ತವೆ. ಇದನ್ನು ವಿವರಿಸಲು ತಂತ್ರಾಂಶದ ಜೊತೆಗೇ ಒಂದು ಪ್ರತ್ಯೇಕ ದಾಖಲೆ ಇಟ್ಟಿದ್ದಾರೆ. ಒಪ್ಪೋಣ. ಆದರೆ ಬರೆಯದೆ ಬರೀ ಓದಲು ಬಂದವನನ್ನೂ ಬಾಗಿಲಲ್ಲೇ ತಡೆಯುವುದು ಏಕೆ? ಗ್ರಂಥಾಲಯಕ್ಕೆ ಹೋದವನ ಕೈಯಲ್ಲಿ ಲೇಖಕನ ಗುರುತಿನ ಚೀಟಿ ಕೇಳಿದಂತಾಯಿತು. ಕಾನ್ಫಿಗ್ ಫೈಲ್‌ನಲ್ಲಿ ಹೋಸ್ಟ್‌ನೇಮ್ ಎಂದು ಒಂದು ಸಾಲು ಸೇರಿಸಿದರೆ ಮುಗಿಯುವ ಕೆಲಸಕ್ಕೆ ನನ್ನ ಒಂದು ಸಂಜೆ ಹೋಯಿತು.

ಟೆಕ್ಸ್‌ಪೈರ್‌ನ ಗುಣದ ಬೆನ್ನಿಗೂ ಒಂದು ದೋಷವಿದೆ. ನೀವು ಓದಿದ್ದೀರೆಂದು ಅದು ತಿಳಿಯುವುದು ಫೈಲ್ ಕೊನೆಯ ಸಲ ತೆರೆದ ವೇಳೆಯಿಂದ. ಡಿಸ್ಕ್ ಸವೆಯದಿರಲಿ ಎಂದು ಆ ವೇಳೆ ಬರೆಯುವುದನ್ನೇ ನಿಲ್ಲಿಸಿ, ಅಂದರೆ 'ನೋಎಟೈಮ್' ಹಾಕಿ ಮೌಂಟ್ ಮಾಡಿದ್ದರೆ ನಿಮ್ಮ ಓದು ಅದಕ್ಕೆ ಕಾಣುವುದಿಲ್ಲ. ತದ್ವಿರುದ್ಧವಾಗಿ, ರಾತ್ರಿ ಬ್ಯಾಕಪ್ ಪ್ರೋಗ್ರಾಂ ಒಂದು ಎಲ್ಲ ಫೈಲ್ ತೆರೆದು ನೋಡಿದರೆ, ಆಹಾ, ಎಷ್ಟು ಓದುವ ಮನೆ ಎಂದುಕೊಂಡು ಏನನ್ನೂ ಅಳಿಸುವುದಿಲ್ಲ. ಇದಕ್ಕೆ ಬೇರೆ ಆಯ್ಕೆ ಕೊಟ್ಟಿದ್ದಾರೆ, ಆದರೆ ಡಿಸ್ಕ್ ತುಂಬಿದ ಮೇಲೆ ತಾನೇ ನಾವು ಕೈಪಿಡಿ ತೆಗೆಯುವುದು.

ಒಂದನೇ ಸರಣಿಯ ಲೀಫ್‌ನೋಡ್‌ನಲ್ಲಿ ನೀವು ಬರೆದ ಉತ್ತರ ಕೂಡಲೇ ನಿಮಗೇ ಕಾಣುವುದಿಲ್ಲ. ಅದು 'ಔಟ್.ಗೋಯಿಂಗ್' ಎಂಬ ಚೀಲದಲ್ಲಿ ಕೂತು, ಫೆಚ್‌ನ್ಯೂಸ್ ಜೊತೆ ಮೇಲಿನ ಸರ್ವರಿಗೆ ಹೋಗಿ, ಅಲ್ಲಿಂದ ಮರಳಿ ಬಂದ ಮೇಲೆ ಗುಂಪಿನಲ್ಲಿ ಕಾಣಿಸುತ್ತದೆ. ಕೋಪದಲ್ಲಿ ಬರೆದದ್ದನ್ನು ಆ ಚೀಲದಿಂದ ತೆಗೆದು ಹರಿದು ಹಾಕಿದ್ದುಂಟು, ಹಾಗಾಗಿ ಇದನ್ನು ದೋಷ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಈ ಸರಣಿಗೆ ಗುಪ್ತಲಿಪಿಯ ಸಂಪರ್ಕ ಬಾರದಿರುವುದು ಖಂಡಿತ ದೋಷ. ಪಾಸ್‌ವರ್ಡನ್ನು ಬೆತ್ತಲೆಯಾಗಿ ಕಳಿಸಬಾರದೆಂದರೆ ನಡುವೆ ಎಸ್‌ಟನಲ್ ಎಂಬ ಇನ್ನೊಂದು ತಂತ್ರಾಂಶ ನಿಲ್ಲಿಸಿ, 563ನೇ ಪೋರ್ಟಿಗೆ ಸುರಂಗ ತೋಡಬೇಕು. ಎರಡನೇ ಸರಣಿಯನ್ನು ನೆಚ್ಚೋಣ ಎಂದರೆ ಅದು ವರ್ಷಗಟ್ಟಲೆ ಆಲ್ಫಾ ಹಂತದಲ್ಲೇ ತೆವಳಿತು.

ನಿಮಿಷಕ್ಕಿಷ್ಟು ಎಂದು ಫೋನ್ ಬಿಲ್ ಏರುತ್ತಿದ್ದ ಕಾಲದ ಸಾಧನ ಇದು, ಈಗ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ ಸರ್ವರ್‌ಗಳ ಚರಿತ್ರೆಯಲ್ಲಿದೆ. ಯೂಸ್‌ನೆಟ್ ಹುಟ್ಟಿದ ಡ್ಯೂಕ್ ವಿಶ್ವವಿದ್ಯಾಲಯವೇ 2010ರ ಮೇ ತಿಂಗಳಲ್ಲಿ ತನ್ನ ಯೂಸ್‌ನೆಟ್ ಸರ್ವರ್ ಆರಿಸಿತು. ಯೂಸ್‌ನೆಟ್ ಪತ್ರಗಳನ್ನು ಕೂಡಿಟ್ಟಿದ್ದ ಡೇಜಾ ನ್ಯೂಸ್‌ನ ಸಂಗ್ರಹವನ್ನು 2001ರಲ್ಲಿ ಕೊಂಡುಕೊಂಡ ಗೂಗಲ್, 2024ರ ಫೆಬ್ರವರಿ 22ರಿಂದ ಯೂಸ್‌ನೆಟ್‌ನ ಹೊಸ ಪತ್ರಗಳನ್ನು ತೋರಿಸುವುದನ್ನು ನಿಲ್ಲಿಸಿತು. ಬೇರೆಯವರ ಕಪಾಟಿನಲ್ಲಿಟ್ಟದ್ದಕ್ಕೆ ಅವರಿಷ್ಟದಷ್ಟೇ ಆಯುಸ್ಸು. ನನ್ನ ಡಿಸ್ಕಿನಲ್ಲಿರುವ ಪ್ರತಿಗೆ ಆ ಭಯವಿಲ್ಲ, ನೆಟ್ ಹೋದ ದಿನವೂ ಓದಬಹುದು.

ಚಿತ್ರ, ಸಿನಿಮಾ ಇಳಿಸುವ ಆಸೆಯವರಿಗೆ ಲೀಫ್‌ನೋಡ್ ಬೇಡ. ನಲವತ್ತು ಗುಂಪು ಓದುವ ಕಚೇರಿಗೂ ಬೇಡ. ನಾಲ್ಕೈದು ಗುಂಪನ್ನು ನಿಧಾನವಾಗಿ ಓದುವ ಒಬ್ಬರಿಗೆ ಇದಕ್ಕಿಂತ ಒಳ್ಳೆಯ ಆಳು ನಾನು ಕಂಡಿಲ್ಲ. ಹಾಕಿಕೊಳ್ಳುವವರು ಮೊದಲ ಸಲ ಫೆಚ್‌ನ್ಯೂಸ್ ಓಡಿಸುವ ಮುಂಚೆ ಕಾನ್ಫಿಗ್‌ನಲ್ಲಿ 'ಇನಿಶಿಯಲ್‌ಫೆಚ್' ಸಾಲಿಗೆ 100 ಎಂದು ಬರೆದುಕೊಳ್ಳಿ, ಇಲ್ಲದಿದ್ದರೆ ಮೇಲಿನ ಸರ್ವರ್ ಇಟ್ಟುಕೊಂಡಿರುವ ಹಳೇ ಪತ್ರಗಳೆಲ್ಲ ಒಂದೇ ಸಲಕ್ಕೆ ಮನೆಗೆ ಬಂದಿಳಿಯುತ್ತವೆ.